ರೋಕಡಿ ಪುಸ್ತಕದಲ್ಲಿ ಒಂದು ವರ್ಷದ ಖುಷಿ: ನನ್ನ ಅನುಭವ

ಹೋದ ದೀಪಾವಳಿಗೆ ನನ್ನ ಖುಷಿಯ ಪುಸ್ತಕದ ಲೆಕ್ಕ ಮುಗಿಸಿದೆ. ಅಂಗಡಿಯ ರೋಕಡಿಯಲ್ಲಿ, ಅಂದರೆ ದಿನದ ಜಮಾ ಖರ್ಚಿನ ಪುಸ್ತಕದಲ್ಲಿ, ದುಡ್ಡು ಬರೆಯುವ ಹಾಗೆ ನಾನು ಖುಷಿಯನ್ನು ಬರೆದಿಟ್ಟ ಪುಸ್ತಕ ಅದು. 354 ದಿನ, 217 ಜಮೆ, ಸೋಸಿ ಉಳಿದದ್ದು 12. ವರ್ಷದ ಕೊನೆಗೆ ‘ಈ ವರ್ಷ ನನಗೆ ಇಷ್ಟವಾದದ್ದು’ ಅಂತ ಪಟ್ಟಿ ಮಾಡಲು ಕೂತು ಪೆನ್ನು ಕಚ್ಚುವವರು ಬಹಳ ಜನ ಇದ್ದೀರಿ ಅಂತ ಗೊತ್ತು. ನಾನೂ ಐದು ವರ್ಷ ಕಚ್ಚಿದವನೇ. ಈ ಸಲ ಪಟ್ಟಿ ಆಯಿತು. ಆಗೋದಿಲ್ಲ ಅಂದವರೇ ಈಗ ಪುಸ್ತಕ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕ ಸದ್ಯ ಬೆಂಗಳೂರಿನಲ್ಲಿ ಮಗಳ ಹತ್ತಿರ ಇದೆ. ಹಾಗಾಗಿ ಅಂಕಿಗಳೆಲ್ಲ ನೆನಪಿನಿಂದ, ಒಂದೆರಡು ಆಚೀಚೆ ಇರಬಹುದು.

ನಾನು ಸಾಗರದ ಒಂದು ಅಡಿಕೆ ಮಂಡಿಯಲ್ಲಿ 26 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಯಿತು. ಆದರೂ ದೀಪಾವಳಿಯ ಅಂಗಡಿ ಪೂಜೆಗೆ ಕೆಂಪು ಬಟ್ಟೆ ಬೈಂಡಿನ ಉದ್ದ ಪುಸ್ತಕ ಇಡದಿದ್ದರೆ ನಮ್ಮ ಯಜಮಾನರಿಗೆ ಸಮಾಧಾನ ಇಲ್ಲ. 2024ರ ದೀಪಾವಳಿಗೆ ಪುಸ್ತಕ ತರಲು ಹೋದಾಗ ನನ್ನ ದುಡ್ಡಿನಲ್ಲಿ ಒಂದು ಜಾಸ್ತಿ ತಂದೆ. 180 ರೂಪಾಯಿ. ಮಂಡಿಯ ಪುಸ್ತಕಗಳ ಅಡಿಯಲ್ಲಿ ಅದನ್ನೂ ಇಟ್ಟೆ. ಭಟ್ಟರು ಎಲ್ಲದಕ್ಕೂ ಸೇರಿಸಿ ಅರಿಶಿನ ಕುಂಕುಮ ಹಾಕಿದರು. ಪಾಡ್ಯದ ದಿನ, ಅಂದರೆ ನವೆಂಬರ್ 2ಕ್ಕೆ, ಮೊದಲ ಸಾಲು ಬರೆದೆ.

ಅದಕ್ಕೂ ಮೊದಲಿನ ಸೋಲುಗಳನ್ನು ಹೇಳಿಬಿಡುತ್ತೇನೆ. ಅದರಲ್ಲೂ ಸ್ವಲ್ಪ ದುಡ್ಡು ಹೋಗಿದೆ.

2019ರಲ್ಲಿ ಡೈರಿ. ಪುಕ್ಕಟೆ ಸಿಕ್ಕಿದ್ದು. ಜನವರಿ 23ರವರೆಗೆ ಬರೆದೆ. ದಿನಕ್ಕೊಂದು ಪುಟ ಅಂದರೆ ಬಡ್ಡಿ ಸಾಲ ಇದ್ದಂತೆ, ಎರಡು ದಿನ ಕಟ್ಟದಿದ್ದರೆ ಆ ಕಡೆ ತಲೆ ಹಾಕಲೂ ಹೆದರಿಕೆ. ಆ ಡೈರಿಯ ಉಳಿದ ಹಾಳೆಯೆಲ್ಲ ಹಪ್ಪಳದ ಎಣ್ಣೆ ಹೀರಲು ಹೋಯಿತು.

2021ರಲ್ಲಿ ಗಾಜಿನ ಡಬ್ಬಿ ಮತ್ತು ಚೀಟಿ. ಖುಷಿಯಾದಾಗ ಒಂದು ಚೀಟಿ ಬರೆದು ಡಬ್ಬಿಗೆ ಹಾಕುವುದು, ವರ್ಷದ ಕೊನೆಗೆ ತೆರೆದು ಓದುವುದು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಮಲೆನಾಡಿನವನಂತೂ ಅಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಬೆಲ್ಟು, ಚಪ್ಪಲಿ, ಮದುವೆ ಆಲ್ಬಂ ಯಾವುದೂ ಬೂಸ್ಟು ಹಿಡಿಯದೆ ಉಳಿಯುವುದಿಲ್ಲ. ಚೀಟಿ ಯಾವ ಲೆಕ್ಕ! ಜೆಲ್ ಪೆನ್ನಿನಲ್ಲಿ ಬರೆದಿದ್ದೆ ಬೇರೆ. ದಸರಾ ಹೊತ್ತಿಗೆ ತೆಗೆದರೆ ನೂರೈವತ್ತು ಚೀಟಿ ಸೇರಿ ಒಂದು ಹಸಿರು ಉಂಡೆ. ಅದರಲ್ಲಿ ಓದಲು ಸಿಕ್ಕಿದ್ದು ‘ಬಿಸಿ’ ಅನ್ನುವ ಒಂದೇ ಪದ. ಏನು ಬಿಸಿ ಅಂತ ಇವತ್ತಿಗೂ ಗೊತ್ತಾಗಿಲ್ಲ.

2022ರಲ್ಲಿ ಮಗಳು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ವರ್ಷಕ್ಕೆ 799. ರಾತ್ರಿ 9ಕ್ಕೆ ಟಣ್ ಅನ್ನುತ್ತಿತ್ತು. ಒಂದು ದಿನವೂ ತಪ್ಪಿಸಬಾರದು ಅನ್ನುವ ಹಟಕ್ಕೆ ಬಿದ್ದು ಏನಾದರೊಂದು ಒತ್ತುತ್ತಿದ್ದೆ. ಆಮೇಲೆ ನೋಡಿದರೆ ‘ಚಹಾ ಚೆನ್ನಾಗಿತ್ತು’ ಅಂತ ನಲವತ್ತು ಸಲ ಬರೆದಿದ್ದೇನೆ. ನಾನು ಕಾಫಿ ಕುಡಿಯುವವನು. ಆಗಸ್ಟಿನಲ್ಲಿ ಮೊಬೈಲು ಹಂಡೆಗೆ ಬಿತ್ತು. ಕತೆ ಮುಗಿಯಿತು.

2023ರಲ್ಲಿ ಏನೂ ಮಾಡಲಿಲ್ಲ. ಡಿಸೆಂಬರ್ 31ಕ್ಕೆ ಕೂತು ನೆನಪಿನಿಂದಲೇ ಹತ್ತು ಬರೆದೆ. ಅದರಲ್ಲಿ ಏಳು ಡಿಸೆಂಬರಿನವು. ಉಳಿದ ಮೂರರಲ್ಲಿ ಒಂದು ಹಿಂದಿನ ವರ್ಷದ್ದು ಅಂತ ಹೆಂಡತಿ ಸಾಕ್ಷಿ ಸಮೇತ ತೋರಿಸಿದಳು.

ಹೀಗೆಲ್ಲ ಆದ ಮೇಲೆ ಹೊಳೆದದ್ದು ಇಷ್ಟೇ. ನನಗೆ ಬರುವ ವಿದ್ಯೆ ಒಂದೇ, ಜಮಾ ಖರ್ಚು. ಅದರಲ್ಲೇ ಯಾಕೆ ಮಾಡಬಾರದು? ಮನೆಯಲ್ಲಿ ಹೇಳಿದಾಗ ಹೆಂಡತಿ, “ಮಂಡಿಯಲ್ಲಿ ಬರೆದದ್ದು ಸಾಲದಾ? ಲೆಕ್ಕ ಬರೆದರೆ ಖುಷಿ ಓಡಿಹೋಗುತ್ತೆ ನೋಡಿ” ಅಂದಳು. ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಇದಕ್ಕೆ ಜಿಎಸ್‌ಟಿ ಎಷ್ಟು ಮಾರಾಯಾ?” ಅಂತ ಕೇಳಿದ. ಆ ಮಾತು ಆರು ತಿಂಗಳು ನಮ್ಮ ಬೀದಿಯಲ್ಲಿ ಓಡಾಡಿತು.

ಪದ್ಧತಿ ದೊಡ್ಡದೇನಲ್ಲ. ಎಡಗಡೆ ಜಮೆ, ಬಲಗಡೆ ಖರ್ಚು. ಜಮೆಯಲ್ಲಿ ತಾರೀಖು, ಏನು, ಎಲ್ಲಿ. ಪಕ್ಕದಲ್ಲೇ ಅದಕ್ಕೆ ಬಿದ್ದ ದುಡ್ಡು. ದುಡ್ಡು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನೆನಪಿಗೆ ಅದಕ್ಕಿಂತ ಒಳ್ಳೆ ಕೊಕ್ಕೆ ನನಗೆ ಸಿಕ್ಕಿಲ್ಲ. ‘ಖುಷಿಯಾಯಿತು’ ಅಂತ ಬರೆದರೆ ಆರು ತಿಂಗಳ ಮೇಲೆ ಏನೂ ಹೊಳೆಯುವುದಿಲ್ಲ. ‘35 ರೂಪಾಯಿ, 5 ಚಿಲ್ಲರೆ ಇಲ್ಲ ಅಂತ ಚಾಕೊಲೇಟು ಕೊಟ್ಟ’ ಅಂತ ಬರೆದರೆ ಅಂಗಡಿ, ಅಂಗಡಿಯವನ ಬನಿಯನ್ನು, ಹೊರಗೆ ಸುರಿಯುತ್ತಿದ್ದ ಮಳೆ ಎಲ್ಲ ಎದ್ದು ಬರುತ್ತದೆ. ಇನ್ನೊಂದು ಕಟ್ಟುನಿಟ್ಟು: ಚೆನ್ನಾಗಿತ್ತು, ಸೂಪರ್, ಅದ್ಭುತ ಇಂಥ ಮಾತು ಪುಸ್ತಕದಲ್ಲಿ ಬರಕೂಡದು. ಮಂಡಿಯ ಪುಸ್ತಕದಲ್ಲಿ ‘ಚೆನ್ನಾದ ಅಡಿಕೆ’ ಅಂತ ಯಾರಾದರೂ ಬರೆಯುತ್ತಾರಾ? ರಾಶಿಯೋ, ಚಾಲಿಯೋ, ಎಷ್ಟು ಚೀಲ, ಎಷ್ಟು ತೂಕ. ಅಷ್ಟೇ.

ಖಾಲಿ ದಿನ ಖಾಲಿಯೇ ಇರಲಿ. ಇದನ್ನು ಕಲಿಯಲು ನನಗೆ ಡೈರಿಯೂ ಆ್ಯಪೂ ಬೇಕಾಯಿತು.

ತಿಂಗಳ ಕೊನೆಗೆ ಖತಾವಣಿ. ರೋಕಡಿಯಿಂದ ಖಾತೆಗಳಿಗೆ ಎತ್ತಿ ಬರೆಯುವುದು. ತಿಂಡಿ ಖಾತೆ, ಮಳೆ ಖಾತೆ, ಮನೆ ಖಾತೆ, ಓದು ಖಾತೆ, ದಾರಿ ಖಾತೆ. ಜೊತೆಗೆ ಒಂದು ಅನಾಮತ್ತು ಖಾತೆ. ಯಾರ ದುಡ್ಡು, ಯಾಕೆ ಬಂತು ಅಂತ ಗೊತ್ತಾಗದಿದ್ದರೆ ಮಂಡಿಯಲ್ಲಿ ಅನಾಮತ್ತಿನಲ್ಲಿ ಇಡುತ್ತೇವಲ್ಲ, ಹಾಗೆ. ಖುಷಿಯೋ ಅಲ್ಲವೋ ಅಂತ ಅನುಮಾನ ಇರುವುದೆಲ್ಲ ಅಲ್ಲಿಗೆ.

ಇನ್ನು ಬೂಸ್ಟಿನ ವಿಷಯ. ಬರೆಯುವುದು ಬರೀ ಬಾಲ್ ಪೆನ್ನಿನಲ್ಲಿ. ಪುಸ್ತಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಕ್ಕಿಯ ಸ್ಟೀಲ್ ಡಬ್ಬಿಯಲ್ಲಿ. ಮೊದಲು ಕರ್ಪೂರ ಇಟ್ಟು ನೋಡಿದೆ. ಪುಸ್ತಕ ತೆರೆದರೆ ದೇವಸ್ಥಾನದ ವಾಸನೆ. ಮಿರ್ಚಿ ತಿಂದದ್ದನ್ನು ಓದಿದರೂ ಕೈ ಮುಗಿಯಬೇಕು ಅನ್ನಿಸುತ್ತಿತ್ತು. ಆಮೇಲೆ ಬೇರೊಂದು ವಸ್ತು ಇಟ್ಟೆ. ಮಳೆಗಾಲ ಪೂರ್ತಿ ಒಂದು ಚುಕ್ಕೆ ಬೂಸ್ಟು ಬರಲಿಲ್ಲ. ಅದೇನು ಅಂತ ಕೇಳಬೇಡಿ, ಭಾವನಿಗೂ ಹೇಳಿಲ್ಲ.

ಪದ್ಧತಿ ಸರಿ ಇತ್ತು, ನಾನು ಸರಿ ಇರಲಿಲ್ಲ. ನವೆಂಬರ್ ಒಂದರಲ್ಲೇ ಮೂವತ್ತೊಂದೋ ಮೂವತ್ತೆರಡೋ ಜಮೆ. ಹೊಸ ಪುಸ್ತಕದ ಹುರುಪು. ಖುಷಿಯನ್ನು ಬೇಟೆಯಾಡಲು ಶುರು ಮಾಡಿದೆ. ಸೂರ್ಯ ಹುಟ್ಟುವುದನ್ನು ನೋಡಬೇಕು ಅಂತ ನಾಲ್ಕು ದಿನ ಬೆಳಗಿನ ಜಾವ ಇಕ್ಕೇರಿ ಕಡೆ ಹೋಗಿ ಇಬ್ಬನಿಯಲ್ಲಿ ನಿಂತೆ. ಸೂರ್ಯ ಹುಟ್ಟಿದ. ಐದನೇ ದಿನ ನೆಗಡಿ, ಜ್ವರ. ಡಾಕ್ಟರಿಗೆ, ಗುಳಿಗೆಗೆ ಸೇರಿ 350. ಅದನ್ನು ಬಲಗಡೆ ಹಾಕಿದೆ. ಆ ಇಡೀ ನವೆಂಬರಿನಿಂದ ಕೊನೆಯ ಹನ್ನೆರಡಕ್ಕೆ ಬಂದದ್ದು ಒಂದೇ ಒಂದು, ಅದೂ ಜ್ವರದ ದಿನದ್ದು: ಅಮ್ಮ ಮಾಡಿಕೊಟ್ಟ ಮೆಣಸಿನ ಸಾರು.

ದೊಡ್ಡ ಪೆಟ್ಟು ಬಿದ್ದದ್ದು ಫೆಬ್ರುವರಿಯಲ್ಲಿ. ನಾನು ಮಂಡಿಯಲ್ಲಿದ್ದಾಗ ಹೆಂಡತಿ ಪುಸ್ತಕ ತೆಗೆದು ಓದಿದ್ದಾಳೆ. ಓದಲಿ ಬಿಡಿ, ಗುಟ್ಟೇನಿಲ್ಲ. ಸಂಜೆ ಬಂದಾಗ ಕಾಫಿ ಕೊಟ್ಟು ಎದುರಿಗೆ ಕೂತಳು. “ನೂರು ಸಾಲು ಬರೆದಿದ್ದೀರಿ. ಅದರಲ್ಲಿ ನಾನು ಎಷ್ಟು ಕಡೆ ಇದ್ದೇನೆ ಹೇಳಿ” ಅಂದಳು. ಎಣಿಸಿದರೆ ಮೂರು ಕಡೆ. ಅದರಲ್ಲಿ ಒಂದು ‘ಹೆಂಡತಿ ಊರಿಗೆ ಹೋಗಿದ್ದಳು, ಮೊಸರನ್ನ’ ಅಂತ. ಆ ಮೇಲಿನ ಮಾತುಕತೆ ಇಲ್ಲಿ ಬೇಡ. ಎರಡು ವಾರ ಪುಸ್ತಕ ಮುಟ್ಟಲಿಲ್ಲ. ನಿಜ ಏನೆಂದರೆ ಅವಳು ಎಷ್ಟೋ ಸಾಲಿನಲ್ಲಿ ಇದ್ದಳು, ನಾನು ಬರೆದಿರಲಿಲ್ಲ, ಅಷ್ಟೇ. ಮಂಡಿಯಲ್ಲಿ ಹೆಸರಿಲ್ಲದೆ ಜಮೆ ಹಾಕಿದ್ದರೆ ಯಜಮಾನರು ಕೆಲಸದಿಂದ ತೆಗೆಯುತ್ತಿದ್ದರು. ಅವತ್ತಿನಿಂದ ‘ಜೊತೆಗೆ ಯಾರು’ ಅಂತ ಒಂದು ಕಲಮು ಸೇರಿಸಿದೆ. ಸ್ಕೇಲ್ ಇಟ್ಟು ಹಳೇ ಪುಟಗಳಿಗೂ ಗೆರೆ ಎಳೆದು ನೆನಪಾದಷ್ಟು ತುಂಬಿಸಿದೆ. ಪದ್ಧತಿ ನಿಜವಾಗಿ ಕೆಲಸ ಮಾಡಲು ಶುರುವಾದದ್ದೇ ಆಗ. ಈ ಮಾತನ್ನು ಅವಳ ಎದುರು ಒಪ್ಪಿಕೊಂಡಿಲ್ಲ.

ಅದೇ ಫೆಬ್ರುವರಿ ಕೊನೆಗೆ ಅಮ್ಮನಿಗೆ ಕಿವಿ ಮಿಷನ್ ತಂದೆವು. ಶಿವಮೊಗ್ಗಕ್ಕೆ ಎರಡು ಸಲ ಓಡಾಟ, ಮಿಷನ್ನಿಗೆ 22 ಸಾವಿರ. ಅಮ್ಮನಿಗೆ 78. ನಾಲ್ಕೈದು ವರ್ಷದಿಂದ ನಾವು ಅವರ ಜೊತೆ ಮಾತಾಡುವುದಲ್ಲ, ಕೂಗುವುದು. ಹಾಕಿಕೊಂಡು ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿತು. ಅಮ್ಮ ಜಗಲಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು, “ಇದು ಇಷ್ಟು ದಿನವೂ ಹೀಗೇ ಕೂಗ್ತಿತ್ತಾ?” ಅಂದರು. ಆಮೇಲೆ ಫ್ಯಾನಿನ ಸದ್ದು, ನಲ್ಲಿಯ ಸದ್ದು, ನನ್ನ ಗೊರಕೆ ಎಲ್ಲದರ ಮೇಲೂ ದೂರು. ಮಧ್ಯಾಹ್ನದ ಹೊತ್ತಿಗೆ ಮಿಷನ್ ತೆಗೆದಿಟ್ಟು, “ಸಾಕು, ಇವತ್ತಿಗೆ ಇಷ್ಟೇ ಕೇಳ್ತೇನೆ” ಅಂದರು. ನಮ್ಮ ಹನ್ನೆರಡರಲ್ಲಿ ಇದಕ್ಕೆ ಬಿದ್ದಷ್ಟು ದುಡ್ಡು ಬೇರೆ ಯಾವುದಕ್ಕೂ ಬಿದ್ದಿಲ್ಲ. ಖುಷಿಗೆ ದುಡ್ಡು ಬೇಡ ಅಂತ ಭಾಷಣ ಮಾಡುವವರಿಗೆ ಆ ರಸೀದಿ ತೋರಿಸುತ್ತೇನೆ.

ಹಾಗಂತ ದುಡ್ಡು ಹಾಕಿದ್ದೆಲ್ಲ ಬಂತು ಅಂತಲೂ ಇಲ್ಲ. ಏಪ್ರಿಲಿನಲ್ಲಿ ಮಗಳ ಒತ್ತಾಯಕ್ಕೆ ಚಿಕ್ಕಮಗಳೂರಿನ ಕಡೆ ಒಂದು ರೆಸಾರ್ಟಿಗೆ ಹೋದೆವು. ಮೂರು ರಾತ್ರಿ, ಕಾರು ಬಾಡಿಗೆ ಸೇರಿ 31 ಸಾವಿರ. ಮಲೆನಾಡಿನವರು ಮಲೆನಾಡು ನೋಡಲು ದುಡ್ಡು ಕೊಟ್ಟು ಹೋದದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಒಂದು ಜಮೆಯೂ ಬೀಳಲಿಲ್ಲ. ನೀಲಿ ನೀರಿನ ಕೊಳದ ಪಕ್ಕ ಕೂತು ಹೆಂಡತಿ ತೆಂಗಿನಕಾಯಿ ರೇಟಿನ ಬಗ್ಗೆ ಯೋಚಿಸುತ್ತಿದ್ದಳಂತೆ. ವಾಪಸ್ ಬರುವಾಗ ಕೊಪ್ಪ ದಾಟಿದ ಮೇಲೆ ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಡ್ರೈವರು ಯಾರದೋ ಬೈಕು ಹತ್ತಿ ಟೈರ್ ಹಿಡಿದುಕೊಂಡು ಹೋದ. ನಾವು ಮೂವರು ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಎರಡು ಗಂಟೆ. ಆಗ ಹೆಂಡತಿ ಅವಳ ಏಳನೇ ಕ್ಲಾಸಿನ ಕತೆ ತೆಗೆದಳು. ಶಾಲೆಯ ನಾಟಕದಲ್ಲಿ ರಾಜನ ಪಾತ್ರ, ಮೀಸೆ ಬಿದ್ದುಹೋದದ್ದು, ಅದನ್ನು ಎದುರಿಗೆ ಕೂತಿದ್ದ ಹೆಡ್‌ಮಾಸ್ಟರು ಎತ್ತಿ ಕೊಟ್ಟದ್ದು. 24 ವರ್ಷದ ಸಂಸಾರದಲ್ಲಿ ಈ ಕತೆ ನಾನು ಕೇಳಿರಲಿಲ್ಲ. ಪಂಕ್ಚರಿಗೆ 150, ಬೈಕಿನವನಿಗೆ 100. ಹನ್ನೆರಡರಲ್ಲಿ ಇದು ಇದೆ.

ಮೇ ತಿಂಗಳ ಕತೆಯೇ ಬೇರೆ. ಆ ವರ್ಷ ಮುಂಗಾರು ಎಂದಿಗಿಂತ ಬೇಗ ಬಂತು, ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮಲ್ಲೂ ಅದರ ಹಿಂದೆಯೇ ಹಿಡಿಯಿತು. ಅಂಗಳದಲ್ಲಿ ಚಾಪೆ ಮೇಲೆ ಹಲಸಿನ ಹಪ್ಪಳ, ಮುನ್ನೂರು ಚಿಲ್ಲರೆ, ಒಂದು ಬಿಸಿಲು ಮಾತ್ರ ಕಂಡಿದ್ದವು. ಹಲಸಿನಕಾಯಿ ನಮ್ಮದೇ, ಆದರೆ ಕೊಯ್ಯುವವನಿಗೆ, ಮೆಣಸಿಗೆ, ಜೀರಿಗೆಗೆ, ಸಹಾಯಕ್ಕೆ ಬಂದವರಿಗೆ ಸೇರಿ 900 ಆಗಿತ್ತು. ಹೆಂಡತಿ ಅಳುವುದೊಂದು ಬಾಕಿ. ಅಮ್ಮ ಹೇಳಿದರು ಅಂತ ಎಲ್ಲವನ್ನೂ ಬಚ್ಚಲ ಒಲೆಯ ಮೇಲೆ ಅಡಿಕೆ ದಬ್ಬೆಯ ಅಟ್ಟ ಕಟ್ಟಿ ಹರಡಿದೆವು. ಹನ್ನೊಂದು ದಿನ ಹೊಗೆ. ಬಣ್ಣ ಕಪ್ಪಾಯಿತು. ನೆಂಟರಿಗೆ ಕೊಡುವ ಹಾಗಿಲ್ಲ. ಜುಲೈನಲ್ಲಿ ಒಂದು ಸಂಜೆ ಕರೆಂಟಿಲ್ಲ, ಕೆಂಡದ ಮೇಲೆ ಸುಟ್ಟು ತೆಂಗಿನೆಣ್ಣೆ ಸವರಿ ಕೊಟ್ಟಳು. ಹೊಗೆಯ ಘಮ, ಹಲಸು, ಎಣ್ಣೆ. ಪುಸ್ತಕದಲ್ಲಿ ಬರೆದದ್ದು ‘ಹಪ್ಪಳ 6, ಮತ್ತೆ 4’ ಅಂತ. ಭಾವ ಅರ್ಧ ಕಟ್ಟು ಕದ್ದುಕೊಂಡು ಹೋದ. ಈ ವರ್ಷ ಬಿಸಿಲಿದ್ದರೂ ನೂರು ಹಪ್ಪಳ ಹೊಗೆಗೇ ಹಾಕುವುದು ಅಂತ ತೀರ್ಮಾನವಾಗಿದೆ.

ಅದೇ ಕರೆಂಟಿಲ್ಲದ ಸಂಜೆಗಳಲ್ಲಿ ಓದು ಖಾತೆಯೂ ತುಂಬಿತು. ಮೇ 20ಕ್ಕೆ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಮಂಡಿಯಲ್ಲಿ ಎಲ್ಲರೂ ನಮ್ಮ ಕನ್ನಡ, ನಮ್ಮ ಹಾಸನ ಅಂದೆವು. ಅವರನ್ನು ಓದಿದವರು ಯಾರು ಅಂತ ನೋಡಿದರೆ ಹಮಾಲರಲ್ಲಿ ಒಬ್ಬ ಮಾತ್ರ. ನನಗೆ ನಾಚಿಕೆಯಾಯಿತು. ಲೈಬ್ರರಿಯಲ್ಲಿ ಹೆಸರು ಬರೆಸಿ ತಿಂಗಳು ಕಾದೆ. ಸಿಕ್ಕಿದ ಮೇಲೆ ಒಂದು ಕತೆಯನ್ನು ಮೇಣದ ಬತ್ತಿಯಲ್ಲಿ ಹೆಂಡತಿಗೆ ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಅವಳು ಒಂದು ಮಾತೂ ಆಡದೆ ಬತ್ತಿ ಆರಿಸಿದಳು. ಕರೆಂಟು ಇನ್ನೂ ಬಂದಿರಲಿಲ್ಲ. ಖರ್ಚು: ಬತ್ತಿ 10.

ಲಾಂಚಿನ ಜಮೆಯ ಮೇಲೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚು ನಿಮಗೂ ಗೊತ್ತಿರುತ್ತದೆ. ಸಿಗಂದೂರಿಗೆ ಹೋದವರೆಲ್ಲ ಅದರಲ್ಲಿ ನಿಂತವರೇ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಅಂತ ಗೊತ್ತಾದಾಗ, ಅದಕ್ಕೆ ಮೊದಲಿನ ವಾರ, ಭಾನುವಾರ 6ಕ್ಕೆ ಬೈಕಿನಲ್ಲಿ ಹೋದೆ. ಒಬ್ಬನೇ. ಮಳೆ ಎಂದರೆ ಮಳೆ. ಪೆಟ್ರೋಲು 200, ಲಾಂಚಿಗೆ ಬೈಕಿನದೂ ಸೇರಿ ಹತ್ತಿಪ್ಪತ್ತು ರೂಪಾಯಿ. ಒಂದು ಬಸ್ಸು, ನಾಲ್ಕು ಕಾರು, ಒಂದು ಹಸುವಿನ ಕರು, ಮದುವೆಗೆ ಹೊರಟ ಒಂದು ಗುಂಪು. ಪಕ್ಕದಲ್ಲೇ ಎರಡೂವರೆ ಕಿಲೋಮೀಟರಿನ ಹೊಸ ಸೇತುವೆ, ಮಳೆಯಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. ನಡು ನೀರಿನಲ್ಲಿ ಮದುವೆಯವರು ಒಂದು ಡಬ್ಬಿ ಲಾಡು ತೆರೆದು ಎಲ್ಲರಿಗೂ ಹಂಚಿದರು, ಲಾಂಚಿನವರಿಗೆ ಎರಡೆರಡು. ಅವತ್ತು ರಾತ್ರಿ ಮೂರು ಸಾಲು ಬರೆದೆ. ಅಷ್ಟು ಉದ್ದ ಬೇರೆ ಯಾವತ್ತೂ ಬರೆದಿಲ್ಲ.

ಮರುವಾರ ತುಮರಿ ಕಡೆಯ ನಮ್ಮ ಹಳೇ ಗಿರಾಕಿಯೊಬ್ಬರು ಮಂಡಿಗೆ ಬಂದಿದ್ದರು. ಅವರಿಗೆ ಇದನ್ನು ಓದಿ ಹೇಳಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡರು. “ನಿಮಗೆ ಲಾಂಚು ಮಜಾ ಮಾರಾಯ್ರೇ. ಸಂಜೆ ಮೇಲೆ ಲಾಂಚಿಲ್ಲ. ಬಸುರಿ ಸೊಸೆಯನ್ನ ಕರ್ಕೊಂಡು ಆ ದಡದಲ್ಲಿ ರಾತ್ರಿ ಕೂತದ್ದು ನಾನು” ಅಂದರು. ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಅರವತ್ತು ವರ್ಷ ಅವರು ಕಾದದ್ದು ನನಗೆ ಒಂದು ಭಾನುವಾರದ ಸವಾರಿ. ಸಾಲನ್ನು ಹೊಡೆದು ಹಾಕೋಣ ಅನ್ನಿಸಿತು. ಆದರೆ ರೋಕಡಿಯಲ್ಲಿ ಹೊಡೆದು ಹಾಕುವಂತಿಲ್ಲ. ಅದರ ಕೆಳಗೆ ಅವರ ಖುಷಿಯನ್ನೂ ಅವರ ಬಾಯಿಂದಲೇ ಬರೆಸಿಕೊಂಡೆ: ಜುಲೈ 15, ರಾತ್ರಿ 9 ಗಂಟೆಗೆ ಸಾಗರದಿಂದ ಹೊರಟು ಮನೆಯಲ್ಲಿ ಊಟ. ನನ್ನ ಪುಸ್ತಕದಲ್ಲಿ ಬೇರೆಯವರ ಜಮೆ ಅದೊಂದೇ.

ಅನಾಮತ್ತು ಖಾತೆಗೆ ಹೋದದ್ದರಲ್ಲಿ ಮುಖ್ಯವಾದದ್ದು ಜೂನ್ 3ರದ್ದು. ಆರ್‌ಸಿಬಿ ಗೆದ್ದ ರಾತ್ರಿ. ಹದಿನೆಂಟು ವರ್ಷ ಭಾವನೂ ನಾನೂ ಸೋಲುವುದನ್ನು ಜೊತೆಗೆ ಕೂತು ನೋಡಿದವರು. ಆರು ರನ್ನಿನಿಂದ ಗೆದ್ದಾಗ ಭಾವ ಅಮ್ಮನ ಕಾಲಿಗೆ ಬಿದ್ದ. ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಪಟಾಕಿ 400. ರಾತ್ರಿಯೇ ಬರೆದೆ. ಮರುದಿನ ಬೆಂಗಳೂರಿನಲ್ಲಿ ಸ್ಟೇಡಿಯಂ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಮಗಳು ಅಲ್ಲೇ ಎಲ್ಲೋ ಇರುತ್ತಾಳೆ ಅಂತ ಫೋನ್ ಮೇಲೆ ಫೋನ್. ಅವಳು ಆಫೀಸಿನಲ್ಲೇ ಇದ್ದಳು. ತಿಂಗಳ ಕೊನೆಗೆ ಖತಾವಣಿ ಮಾಡುವಾಗ ಆ ಸಾಲನ್ನು ಯಾವ ಖಾತೆಗೆ ಎತ್ತುವುದು ಅಂತ ಕೈ ನಿಂತಿತು. ಅನಾಮತ್ತಿಗೆ ಹಾಕಿದೆ. ವರ್ಷದ ಕೊನೆಗೂ ತೀರಲಿಲ್ಲ. ಹೊಸ ಪುಸ್ತಕಕ್ಕೆ ಅಲ್ಲೇ ಮುಂದಕ್ಕೆ ತಂದಿದ್ದೇನೆ.

ನಡುವೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಜನವರಿಯಲ್ಲಿ ಒಂದು ಆಲೆಮನೆಗೆ ಹೋಗಿದ್ದಾಗ ಕಬ್ಬಿನ ಹಾಲು, ಮಂಡಕ್ಕಿ, ಬಿಸಿ ಮಿರ್ಚಿ, ನೊರೆಬೆಲ್ಲ, ಜೊತೆಗೆ ಹಳೇ ಸ್ನೇಹಿತರು ನಾಲ್ವರು. ಭರ್ಜರಿ ಜಮೆ. ಅದನ್ನೇ ಇನ್ನೊಮ್ಮೆ ಮಾಡಿದರೆ ಅಷ್ಟೇ ಬರುತ್ತದಾ ಅಂತ ನೋಡೋಣ ಅನ್ನಿಸಿತು. ಹದಿನೈದು ದಿನ ಬಿಟ್ಟು ಅದೇ ನಾಲ್ವರನ್ನು ಅದೇ ಜಾಗಕ್ಕೆ ಕರೆದೊಯ್ದೆ. ಎಲ್ಲ ಖರ್ಚು ನಂದೇ, 640. ಅದೇ ಹಾಲು, ಅದೇ ಮಿರ್ಚಿ. ಒಬ್ಬ ಪೂರ್ತಿ ಹೊತ್ತು ಫೋನಿನಲ್ಲಿ, ಇನ್ನೊಬ್ಬನಿಗೆ ಶುಗರ್ ರಿಪೋರ್ಟ್ ಬಂದಿತ್ತು. ಸೊನ್ನೆ.

ಇನ್ನೊಂದು, ಬೇವಿನ ಖಾತೆ. ಯುಗಾದಿಗೆ ಬೇವು ಬೆಲ್ಲ ಎರಡೂ ತಿನ್ನುತ್ತೇವಲ್ಲ, ಬೇಜಾರನ್ನೂ ಬರೆಯೋಣ ಅಂತ ಮಾರ್ಚ್ 30ರಿಂದ ಹಿಂದಿನ ಪುಟಗಳಲ್ಲಿ ಶುರು ಮಾಡಿದೆ. ಒಂಬತ್ತೇ ದಿನಕ್ಕೆ ನಾಲ್ಕು ಪುಟ ತುಂಬಿತು. ಕೈಗೆ ಅಷ್ಟು ಸಲೀಸಾಗಿ ಬರುತ್ತಿತ್ತು. ಹೆದರಿಕೆಯಾಗಿ ನಿಲ್ಲಿಸಿದೆ.

ಊಟದ ಹೊತ್ತಿಗೆ ಹೇಳಿದ ಖುಷಿ, ಹೇಳದೆ ಬರೀ ಬರೆದ ಖುಷಿ, ಇವೆರಡರಲ್ಲಿ ಯಾವುದು ಉಳಿಯುತ್ತದೆ ಅಂತಲೂ ನೋಡಿದೆ. ಹೇಳಿದ್ದೇ ಜಾಸ್ತಿ ಉಳಿಯಿತು, ಆದರೆ ಬೆಳೆಯಿತು ಕೂಡ. ಭಾವನ ಜೊತೆ ಕಳಲೆ ಕೀಳಲು ಹೋದದ್ದಕ್ಕೆ ಪುಸ್ತಕದಲ್ಲಿ ಎಂಟು ಕಳಲೆ ಇದೆ. ಭಾವನ ಬಾಯಲ್ಲಿ ಈಗ ಒಂದು ಗೋಣಿ. ಪುಸ್ತಕ ಇದ್ದದ್ದಕ್ಕೆ ಸಿಕ್ಕಿಬಿದ್ದ.

ಸೆಪ್ಟೆಂಬರ್ 7ರ ಚಂದ್ರಗ್ರಹಣ. ಅಮ್ಮ ಉಪ್ಪಿನಕಾಯಿ ಭರಣಿಯ ಮೇಲೆ, ಮೊಸರಿನ ಮೇಲೆ ದರ್ಭೆ ಇಟ್ಟು, ಯಾರೂ ಹೊರಗೆ ಹೋಗಕೂಡದು ಅಂತ ಹೇಳಿ ಮಲಗಿದರು. ರಾತ್ರಿ 11ಕ್ಕೆ ಚಂದ್ರ ಪೂರ್ತಿ ಮುಚ್ಚುವುದು. ನಾನು ಮೆಲ್ಲಗೆ ತಾರಸಿ ಹತ್ತಿದೆ. ಮೋಡ. ಮುಕ್ಕಾಲು ಗಂಟೆ ಏನೂ ಇಲ್ಲ. ಮೆಟ್ಟಿಲಲ್ಲಿ ಸದ್ದಾಯಿತು. ನೋಡಿದರೆ ಅಮ್ಮ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾರೆ, ಕಿವಿಗೆ ಮಿಷನ್ ಹಾಕಿಕೊಂಡು. “ನೀ ಹತ್ತಿದ್ದು ಕೇಳ್ತು” ಅಂದರು. ಅದೇ ಹೊತ್ತಿಗೆ ಮೋಡ ಸರಿದು ಮೂರು ನಾಲ್ಕು ನಿಮಿಷ ಚಂದ್ರ ಕಂಡ, ತಾಮ್ರದ ಚೊಂಬಿನ ಬಣ್ಣ. ಅಮ್ಮ ನೋಡಿ, “ಹುಳಿ ಹಾಕಿ ತಿಕ್ಕಬೇಕು ಅದನ್ನ” ಅಂದರು. ಇಳಿದು ಬಂದು ಸ್ನಾನ ಮಾಡಿಸಿದರು. ಆ ಹೊತ್ತಿನಲ್ಲಿ, ತಣ್ಣೀರಲ್ಲಿ.

ಈಗ ಸೋಸುವ ವಿಷಯ. ಮೊದಲ ಸುತ್ತಿನಲ್ಲಿ ‘ಏನು’ ಅನ್ನುವ ಕಲಮನ್ನು ರಟ್ಟಿನಿಂದ ಮುಚ್ಚಿ, ತಾರೀಖು, ಜೊತೆಗೆ ಯಾರು, ದುಡ್ಡು ಇಷ್ಟನ್ನೇ ಓದುವುದು. ಅದರ ಮೇಲೆ ಏನು ಅಂತ ನೆನಪಾದರೆ ಟಿಕ್, ಇಲ್ಲದಿದ್ದರೆ ಬಿಟ್ಟುಬಿಡುವುದು. 217ರಲ್ಲಿ ತೊಂಬತ್ತರ ಹತ್ತಿರ ಉಳಿದವು. ಎರಡನೇ ಸುತ್ತು ಖಾತೆವಾರು: ಒಂದೊಂದರಿಂದ ಆರಕ್ಕಿಂತ ಜಾಸ್ತಿ ಇಲ್ಲ. ಇಲ್ಲದಿದ್ದರೆ ನನ್ನ ಪಟ್ಟಿ ಹೋಟೆಲಿನ ಮೆನು ಕಾರ್ಡ್ ಆಗುತ್ತಿತ್ತು. ಮೂವತ್ತಕ್ಕೆ ಇಳಿಯಿತು. ಮೂರನೇ ಸುತ್ತು ಹೇಳುವುದಿಲ್ಲ. ಅದಕ್ಕೆ ಒಂದು ಪೋಸ್ಟ್‌ಕಾರ್ಡು, ಇನ್ನೊಬ್ಬ ಮನುಷ್ಯ ಬೇಕು ಅಂತಷ್ಟೇ ತಿಳಿಯಿರಿ.

ಹನ್ನೆರಡನ್ನು ಎದುರಿಗೆ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಏಳು ಜಮೆ ಏನಾದರೊಂದು ನಿಂತುಹೋದಾಗ ಬಿದ್ದವು. ಟೈರು ನಿಂತದ್ದು, ಕರೆಂಟು ನಿಂತದ್ದು, ಬಿಸಿಲು ನಿಂತದ್ದು. ಇದರ ಅನುಮಾನ ಲೆಕ್ಕ ಮುಗಿಸುವ ಮೊದಲೇ ಇತ್ತು. ಬೇಕಂತಲೇ ನಿಂತು ನೋಡೋಣ ಅಂತ ಅಕ್ಟೋಬರಿನಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಮುಗಿಸಿ ಬರುವಾಗ ಸಿಕ್ಕಿದ ಬಸ್ಸನ್ನು ಬಿಟ್ಟೆ. ಒಂದೂವರೆ ಗಂಟೆ ಸೊಳ್ಳೆ ಕಚ್ಚಿಸಿಕೊಂಡು, ಕೊನೆಗೆ ಆಟೋಗೆ 250 ಕೊಟ್ಟು ಬಂದೆ. ನಾಟಕ ಮಾತ್ರ ಹನ್ನೆರಡರಲ್ಲಿದೆ.

ವರ್ಷದ ಒಟ್ಟು ಖರ್ಚು, ರೆಸಾರ್ಟ್ ಬಿಟ್ಟು, 39 ಸಾವಿರದ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಕಿವಿ ಮಿಷನ್ನಿನದೇ.

ಲೆಕ್ಕ ಮುಗಿಸಿದ ರಾತ್ರಿ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಮಗಳು ಹಬ್ಬಕ್ಕೆ ಬಂದಿದ್ದಳು. ಭಾವ ಜಿಎಸ್‌ಟಿ ಮಾತು ಎತ್ತಲಿಲ್ಲ. ಓದಿ ಮುಗಿದ ಮೇಲೆ ಹೆಂಡತಿ ಎದ್ದು ಹೋಗಿ ಅಡುಗೆಮನೆಯ ಗೋಡೆಯಿಂದ ಹಾಲಿನ ಲೆಕ್ಕದ ಕ್ಯಾಲೆಂಡರ್ ತಂದಳು. ಹಾಲಿನ ಅಂಕಿಗಳ ಪಕ್ಕದಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ. ಫೆಬ್ರುವರಿಯ ಜಗಳದ ಮರುದಿನದಿಂದ ಇಟ್ಟಿದ್ದಾಳೆ. 58 ಚುಕ್ಕೆ. ಒಂದು ಅಕ್ಷರವೂ ಇಲ್ಲ. ಮಗಳು ಯಾವುದರ ಮೇಲೆ ಬೆರಳಿಟ್ಟರೂ ಅವತ್ತು ಏನಾಯಿತು ಅಂತ ಹೆಂಡತಿ ಹೇಳಿದಳು. “ಚುಕ್ಕೆ ಸಾಕು, ಅಷ್ಟೊಂದು ಬರೆಯೋದೇನು” ಅಂದಳು. ನನ್ನ ಪುಸ್ತಕಕ್ಕೂ ಅವಳ ಚುಕ್ಕೆಗೂ ತಾಳೆ ಹಾಕಿದೆವು. ಹೊಂದಿದ್ದು ಮೂರೇ ದಿನ. ಪಂಕ್ಚರ್ ಒಂದು, ಹಪ್ಪಳ ಒಂದು. ಮೂರನೆಯದರಲ್ಲಿ ನಾನು ಬರೆದದ್ದೇ ಬೇರೆ, ಅವಳು ಚುಕ್ಕೆ ಇಟ್ಟದ್ದೇ ಬೇರೆಯದಕ್ಕೆ.

ಆ ದೀಪಾವಳಿಗೆ ಪುಸ್ತಕ 200 ಆಗಿತ್ತು. ಎರಡು ತಂದೆ. ಅವಳು ಒಂದನ್ನು ತೆಗೆದುಕೊಂಡು ಸೀರೆಯ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದಳು. ಬೀಗದ ಕೈ ಎಲ್ಲಿಡುತ್ತಾಳೆ ಅಂತ ಇನ್ನೂ ಪತ್ತೆಯಾಗಿಲ್ಲ.